ಚೌಕ ಪಿನ್ನಿನ ವೈರು

"ಮುಟ್ಟಬೇಡ! ಮೊದಲು ಬಾಯಲ್ಲಿ ಹೇಳು, ಆಮೇಲೆ ಕೈ ಹಾಕು."

ಜೈನಬಮ್ಮ ಹಾಗೆ ಗದರಿದ್ದೇ ತಡ, ಕಂಪ್ಯೂಟರಿನತ್ತ ಚಾಚಿದ್ದ ವಿಸ್ಮಿತಾಳ ಕೈ ನಡುದಾರಿಯಲ್ಲೇ ನಿಂತಿತು.

ಒಂಬತ್ತು ದಿನಗಳ ಹಿಂದೆ, ಬುಧವಾರ ಬೆಳಿಗ್ಗೆ, ಮೂಡುಬಿದಿರೆಯ ಈ ಮಾಳಿಗೆ ಕೋಣೆಯಲ್ಲಿ ಮದುವೆ ವೀಡಿಯೋ ಎಡಿಟ್ ಮಾಡುವ ಅಶೋಕ್ ಇದೇ ಕಂಪ್ಯೂಟರ್ ಮುಟ್ಟಿ ಶಾಕ್ ಹೊಡೆದು ಸತ್ತಿದ್ದ. ಅದನ್ನು ಬಿಡಿಬಿಡಿ ಭಾಗ ತರಿಸಿ ಜೋಡಿಸಿಕೊಟ್ಟವಳು ಬಿ.ಸಿ. ರೋಡಿನಲ್ಲಿ ಸಣ್ಣ ಅಂಗಡಿ ಇಟ್ಟುಕೊಂಡಿರುವ ಈ ವಿಸ್ಮಿತಾ. ವಯಸ್ಸು ಇಪ್ಪತ್ತಾರು.

ಸಂಜೆ ಐದಕ್ಕೆ ಎಸ್‌ಐ ಮಂಗಳೂರಿನಿಂದ ವಾಪಸು ಬರುತ್ತಾರೆ. ಬಂದವರೇ ಅವಳನ್ನು ಬಂಧಿಸುತ್ತಾರೆ, ಅಜಾಗರೂಕತೆಯಿಂದ ಒಬ್ಬರ ಸಾವಿಗೆ ಕಾರಣಳಾದಳೆಂದು. ಈಗ ಗಂಟೆ ಒಂದೂವರೆ.

"ಹೇಳು, ಹೇಳು. ನಾನು ನಿನ್ನ ಹಾಗೆ ಕಲಿತವಳಲ್ಲ. ಸಣ್ಣ ಮಕ್ಕಳಿಗೆ ಹೇಳುವ ಹಾಗೆ ಹೇಳು."

ಜೈನಬಮ್ಮನಿಗೆ ಅರವತ್ತೆರಡು. ಬಂಟ್ವಾಳದ ಕೋರ್ಟಿನಲ್ಲಿ ಮೂವತ್ತೊಂದು ವರ್ಷ ಸಾಕ್ಷಿಗಳ ಹೇಳಿಕೆ ಟೈಪ್ ಮಾಡಿ ನಿವೃತ್ತರಾದವರು. ಕರಿಕೋಟಿನವರು ಕೇಳುವ ಪ್ರಶ್ನೆಗಿಂತ ಸಾಕ್ಷಿಗಳು ಉತ್ತರ ಹೇಳುವ ಮೊದಲು ನುಂಗುವ ಎಂಜಲಿನ ಸದ್ದು ಅವರಿಗೆ ಹೆಚ್ಚು ಪರಿಚಯ. ಅದೇ ಕೋರ್ಟಿನಲ್ಲಿ ಜವಾನೆಯಾಗಿದ್ದ, ವಿಸ್ಮಿತಾಳ ತಾಯಿ ಸೇಸಮ್ಮ ಮೊನ್ನೆ ಇವರ ಮನೆ ಮೆಟ್ಟಿಲ ಮೇಲೆ ಕುಳಿತು, "ಅಕ್ಕಾ, ನನ್ನ ಮಗಳಿಗೆ ಯಾರೂ ಇಲ್ಲ" ಎಂದು ಅತ್ತಿದ್ದಳು. ಹಾಗೆ ಶುರುವಾದದ್ದು ಇದು.

"ಹಿಂದೆ ಎರಡು ಸ್ಕ್ರೂ ಉಂಟು ಜೈನಬಕ್ಕ. ತಿರುಗಿಸಿದ್ರೆ ಸೈಡಿನ ತಗಡು ಜಾರ್ತದೆ. ಒಳಗೆ ಒಂದು ದೊಡ್ಡ ಬೋರ್ಡ್, ಅದರ ಮೇಲೆ ಎಲ್ಲ ಕೂತಿರ್ತದೆ. ಕೆಳಗೆ ಮೂಲೆಯಲ್ಲಿ ಕರೆಂಟಿನ ಪೆಟ್ಟಿಗೆ. ಅದರಲ್ಲಿ ದೋಷ ಇದ್ರೆ ಮಾತ್ರ ಈ ತಗಡಿಗೆ ಕರೆಂಟ್ ಬರುದು."

"ಶೀನಪ್ಪಣ್ಣ, ಮೈನ್ ತೆಗೆದದ್ದು ಖಂಡಿತ ಅಲ್ವಾ?"

ಬಾಗಿಲಲ್ಲಿ ನಿಂತಿದ್ದ ಹೆಡ್ ಕಾನ್‌ಸ್ಟೇಬಲ್ ಶೀನಪ್ಪ ಬೀಗದ ಕೈಯನ್ನು ಒಂದು ಬೆರಳಿನಿಂದ ಇನ್ನೊಂದಕ್ಕೆ ಬದಲಿಸುತ್ತಿದ್ದರು. "ಮೂರು ಸಲ ನೋಡಿದೆ ಮೇಡಂ. ಅರ್ಧ ಗಂಟೆ ಅಂತ ಹೇಳಿ ಬಾಗಿಲು ತೆಗೆದದ್ದು ನಾನು. ಸಾಹೇಬ್ರಿಗೆ ಗೊತ್ತಾದ್ರೆ ನನ್ನ ತೊಪ್ಪಿ ಹೋಗ್ತದೆ."

"ಹೋಗ್ಲಿ. ಕೂದಲಿಗೆ ಸ್ವಲ್ಪ ಗಾಳಿ ಸಿಗ್ತದೆ."

"ಕೂದಲು ಎಲ್ಲಿ ಉಂಟು?"

ಯಾರೂ ನಗಲಿಲ್ಲ. ವಿಸ್ಮಿತಾ ಸ್ಕ್ರೂ ಬಿಚ್ಚಿ ತಗಡನ್ನು ಸರಿಸಿದಳು. ಮೊಬೈಲಿನ ಬೆಳಕು ಹಿಡಿದು ಒಂದೊಂದೇ ಕಡೆ ನೋಡುತ್ತಾ ಹೋದಳು. ಒಳಗೆ ಎಲ್ಲವೂ ಒಪ್ಪವಾಗಿತ್ತು. ತಂತಿಗಳನ್ನು ಸಣ್ಣ ಪಟ್ಟಿಗಳಿಂದ ಬಿಗಿದು, ಪಟ್ಟಿಯ ತುದಿಯನ್ನು ಓರೆಯಾಗಿ ಕತ್ತರಿಸಿದ್ದಳು. ತಗಡಿನ ಒಳಮೈಯಲ್ಲಿ ಕರಿ ಮಾರ್ಕರಿನಿಂದ ಬರೆದ ಅಂಕಿ: 31.

"ಇದೆಂತ ನಂಬರ್?"

"ನಾನು ಕಟ್ಟಿದ ಮೂವತ್ತೊಂದನೇ ಸೆಟ್. ಪ್ರತಿಯೊಂದಕ್ಕೂ ಬರೀತೇನೆ. ಒಳಗೊಮ್ಮೆ, ವೈರಿನ ತಲೆಗೊಮ್ಮೆ. ನಾಳೆ ಯಾರಾದ್ರೂ ಬಂದು ನಿಂದೇ ಅಂತ ಹೇಳಿದ್ರೆ ನನಗೆ ಗೊತ್ತಾಗಬೇಕಲ್ಲ."

"ಯಾರಾದ್ರೂ ಕೈ ಹಾಕಿದ ಗುರುತು?"

ವಿಸ್ಮಿತಾ ಬಹಳ ಹೊತ್ತು ನೋಡಿದಳು. ಕರೆಂಟಿನ ಪೆಟ್ಟಿಗೆಯ ಮೇಲಿನ ಸೀಲ್ ಕಾಗದವನ್ನು ಉಗುರಿನಿಂದ ಸವರಿ ನೋಡಿದಳು. ಅದು ಹರಿದಿರಲಿಲ್ಲ.

"ಇಲ್ಲ. ನಾನು ಬಿಟ್ಟುಹೋದ ಹಾಗೆಯೇ ಉಂಟು." ಅವಳು ಮೊಬೈಲಿನ ಬೆಳಕು ಆರಿಸಿದಳು. "ಹಾಕಿದ್ರೇ ಒಳ್ಳೇದಿತ್ತು, ಅಲ್ವಾ ಜೈನಬಕ್ಕ? ಯಾರೂ ಮುಟ್ಟಲಿಲ್ಲ ಅಂದ್ರೆ ತಪ್ಪು ನಂದೇ ಅಂತ ಆಯ್ತಲ್ಲ."

ಶೀನಪ್ಪ ಮುಖ ತಿರುಗಿಸಿದರು. ಅವರಿಗೂ ಹಾಗೆಯೇ ಅನಿಸಿತ್ತು.

ಮೆಟ್ಟಿಲ ಕಡೆಯಿಂದ ಕೆಮ್ಮಿದ ಸದ್ದಾಯಿತು. ಕೆಳಗಿನ ಅಂಗಡಿಯ ಟೈಲರ್ ಬಾವಾ, ಕೊರಳಿಗೆ ಅಳತೆ ಪಟ್ಟಿ ಇಳಿಬಿಟ್ಟುಕೊಂಡು, ಕರೆಯದೆಯೇ ಬಂದು ನಿಂತಿದ್ದರು.

"ಹೇಳಬಾರದು, ಆದ್ರೂ ಹೇಳ್ತೇನೆ," ಎಂದರು ಬಾವಾ. "ಅವನು ಕಂಪೆನಿದು ತಗೊಳ್ಳಬೇಕಿತ್ತು."

"ನೀವು ಟೈಲರ್ ಅಲ್ವಾ ಬಾವಾಕ? ನೀವೇ ರೆಡಿಮೇಡ್ ಒಳ್ಳೇದು ಅಂತ ಹೇಳುದಾ?"

"ಹೊಲಿಸಿದ ಅಂಗಿ ಮೈಗೆ ಸರಿಯಾಗಿ ಕೂರ್ತದೆ, ಒಪ್ಪುವ. ಆದ್ರೆ ಅಂಗಿ ಶಾಕ್ ಹೊಡೆಯುದಿಲ್ಲ ಮಾರಾಯ್ತಿ!" ಬಾವಾ ಒಮ್ಮೆ ವಿಸ್ಮಿತಾಳನ್ನು ನೋಡಿ ದನಿ ತಗ್ಗಿಸಿದರು. "ಪಾಪ, ಈ ಹುಡುಗಿಯ ಮೇಲೆ ನಂಗೇನೂ ಸಿಟ್ಟಿಲ್ಲ. ಮಿಜಾರಿನ ಕಾಲೇಜು ಮಕ್ಕಳು ಇವಳಿಗೆ ಕೊಟ್ಟ ಆರ್ಡರ್ ಎಲ್ಲ ಕ್ಯಾನ್ಸಲ್ ಮಾಡಿದ್ರಂತೆ. ಊರಿಡೀ ಅದೇ ಮಾತು. ಅವತ್ತೇ ಅವನ ಭಾವ ಹೇಳಿದ್ದ."

"ಯಾವ ಭಾವ? ಎಂತ ಹೇಳಿದ್ದು?"

"ಅವನ ಹೆಂಡತಿ ಹರಿಣಾಕ್ಷಿಯ ಅಣ್ಣ. ಲಾಯಿಲದ ರೋಹಿತಾಕ್ಷ. ಅಶೋಕ್ ಸಾಯುವ ನಾಲ್ಕು ದಿನ ಮೊದಲು ಇದೇ ಮೆಟ್ಟಿಲಲ್ಲಿ ನಿಂತು ಬೊಬ್ಬೆ. 'ನಾನು ದುಬೈಯಿಂದ ಹೊತ್ತು ತಂದ ಕಂಪ್ಯೂಟರ್ ಮೂಲೆಗೆ ಬಿಸಾಡಿ, ಆ ಹುಡುಗಿ ಕಟ್ಟಿದ ಡಬ್ಬ ಇಟ್ಕೊಂಡಿದ್ದೀಯಾ? ನೋಡ್ತಾ ಇರು, ಅದೇ ನಿನ್ನನ್ನು ತಿಂತದೆ' ಅಂತ. ನಾನು ಒಂದು ಕಾಲರ್ ಹಿಡ್ಕೊಂಡಿದ್ದೆ. ಸೂಜಿ ಬೆರಳಿಗೆ ಹೋಯ್ತು, ಅಷ್ಟು ದೊಡ್ಡ ಬೊಬ್ಬೆ."

ಜೈನಬಮ್ಮ ಮಂಡಿ ನೋವಿಗೆ ನಿಂತಿರಲಾಗದೆ ಅಲ್ಲೇ ಗೋಡೆಗೊರಗಿ ನೆಲದ ಮೇಲೆ ಕುಳಿತರು. ಕುಳಿತಾಗ ಅವರ ಕಣ್ಣು ಮೇಜಿನ ಅಡಿಗೆ ನೇರವಾಯಿತು. ಅಲ್ಲಿ ಗೋಡೆಯ ಸಾಕೆಟ್ ಇತ್ತು.

"ವಿಸ್ಮಿತಾ, ಇದೆಂತದು? ಇದರ ಬಾಲಕ್ಕೆ ಚೌಕದ ಹಲ್ಲು?"

ವಿಸ್ಮಿತಾ ಬಗ್ಗಿದಳು. ಬಗ್ಗಿದವಳು ಹಾಗೆಯೇ ಉಳಿದಳು.

ಕಂಪ್ಯೂಟರಿನ ಬೆನ್ನಿನಿಂದ ಇಳಿದ ಕಪ್ಪು ವೈರಿನ ತುದಿಯಲ್ಲಿ ಮೂರು ಚಪ್ಪಟೆ ಹಲ್ಲುಗಳ ದೊಡ್ಡ ಪಿನ್ನು. ಅದನ್ನು ಬಿಳಿ ಅಡಾಪ್ಟರ್ ಒಂದಕ್ಕೆ ಸಿಕ್ಕಿಸಿ, ಅಡಾಪ್ಟರನ್ನು ಸಾಕೆಟ್ಟಿಗೆ ಸಿಕ್ಕಿಸಿದ್ದರು.

ಈ ಕಡೆಯ ಯಾವ ಮನೆಯಲ್ಲಿ ಆ ಪಿನ್ನಿಲ್ಲ? ಗಲ್ಫಿನಿಂದ ಬಂದ ಇಸ್ತ್ರಿಪೆಟ್ಟಿಗೆಗೂ ಮಿಕ್ಸಿಗೂ ಅದೇ ಪಿನ್ನು. ಊರಿನ ಸಾಕೆಟ್ಟಿಗೆ ಹಿಡಿಸುವುದಿಲ್ಲವೆಂದು ಕಲ್ಲಡ್ಕದ ಅಂಗಡಿಯಿಂದ ಹತ್ತಿಪ್ಪತ್ತು ರೂಪಾಯಿಯ ಬಿಳಿ ಅಡಾಪ್ಟರ್ ತಂದು ನಡುವೆ ಸಿಕ್ಕಿಸುವುದು ಎಲ್ಲರ ರೂಢಿ. ಜೈನಬಮ್ಮನ ಮನೆಯಲ್ಲೇ ಮೂರಿದ್ದವು. ಅಷ್ಟು ಸಾಮಾನ್ಯ ವಸ್ತುವಾದ್ದರಿಂದಲೇ ಒಂಬತ್ತು ದಿನ ಈ ಕೋಣೆಗೆ ಬಂದು ಹೋದ ಒಬ್ಬರ ಕಣ್ಣಿಗೂ ಅದು ಬಿದ್ದಿರಲಿಲ್ಲ.

"ಇದು ನಂದಲ್ಲ," ಎಂದಳು ವಿಸ್ಮಿತಾ. "ನಾನು ಕೊಡುದು ಗುಂಡಗೆ ಉರುಟು ಪಿನ್ನಿನ ಊರಿನ ವೈರು. ಕೆಂಪು ನೈಲ್ ಪಾಲಿಶ್ ಬೊಟ್ಟು ಹಾಕಿ, ಪಕ್ಕದಲ್ಲಿ ನಂಬರ್ ಬರೆದು ಕೊಡುದು. ಜೈನಬಕ್ಕ, ಈ ಅಡಾಪ್ಟರಿಗೆ ಎರಡೇ ಕಾಲು ನೋಡಿ. ಅರ್ತಿನ ಕಾಲು ಇಲ್ಲ."

"ಅದಿಲ್ಲದಿದ್ರೆ?"

"ತಗಡಿಗೆ ಕರೆಂಟ್ ಬಂದ್ರೆ ಅರ್ತಿನ ದಾರಿಯಲ್ಲಿ ನೆಲಕ್ಕೆ ಹೋಗ್ತದೆ, ಫ್ಯೂಸ್ ಹಾರ್ತದೆ. ಆ ದಾರಿ ಇಲ್ಲದಿದ್ರೆ ಮುಟ್ಟಿದ ಮನುಷ್ಯನೇ ದಾರಿ."

ಕೋಣೆ ಒಮ್ಮೆಲೇ ಸಣ್ಣದಾದಂತೆ ತೋರಿತು. ಬಾವಾ ತಮ್ಮ ಅಳತೆ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಆದ್ರೆ ತಗಡಿಗೆ ಕರೆಂಟ್ ಬಂದದ್ದು ಯಾಕೆ? ನಿನ್ನ ಪೆಟ್ಟಿಗೆ ಸರಿ ಉಂಟಲ್ಲ?"

ವಿಸ್ಮಿತಾ ಪಿನ್ನಿನ ಮೈಯನ್ನೇ ನೋಡುತ್ತಿದ್ದಳು. "ಕಂಪೆನಿ ವೈರಿನ ತಲೆ ಒಂದೇ ಎರಕದ್ದು. ಬಿಚ್ಚಲಿಕ್ಕೆ ಆಗುದಿಲ್ಲ. ಇದಕ್ಕೆ ನಡುವಲ್ಲಿ ಸ್ಕ್ರೂ ಉಂಟು. ಯಾರೋ ಹಳೇ ತಲೆ ಕತ್ತರಿಸಿ, ಬೇರೆ ತಲೆ ತಂದು ಕಟ್ಟಿದ್ದಾರೆ."

"ಶೀನಪ್ಪಣ್ಣ, ನೀವೇ ಬಿಚ್ಚಿ. ಕೈಗೆ ಕರವಸ್ತ್ರ ಸುತ್ತಿಕೊಳ್ಳಿ. ಬಾವಾಕ, ನೀವು ಮೊಬೈಲಿನಲ್ಲಿ ವೀಡಿಯೋ ತೆಗೀರಿ."

ಶೀನಪ್ಪ ಸಾಕೆಟ್ಟಿನಿಂದ ಕಿತ್ತು, ಬೆವರುತ್ತಾ ಸ್ಕ್ರೂ ತಿರುಗಿಸಿದರು. ಪಿನ್ನು ಎರಡು ಹೋಳಾಯಿತು. ಒಳಗೆ ಮೂರು ಬಣ್ಣದ ತಂತಿ ಇರಬೇಕಾದಲ್ಲಿ ನಾಲ್ಕನೆಯದೊಂದು ಇತ್ತು. ಉಗುರಿನಷ್ಟು ಉದ್ದದ್ದು, ಅಂದವಾಗಿ ತಿರುವಿ ಕೂರಿಸಿದ್ದು.

ವಿಸ್ಮಿತಾ ಅದನ್ನು ಬೆರಳಿನಿಂದ ತೋರಿಸಿದಳು. "ಇದು ತಪ್ಪಿ ಆಗುದಿಲ್ಲ. ಸ್ವಿಚ್ ಹಾಕಿದ ಕೂಡಲೇ ತಗಡಿಗೆ ಕರೆಂಟ್ ಬರಲಿ ಅಂತಲೇ ಕಟ್ಟಿದ್ದು."

ಜೈನಬಮ್ಮ ಎದ್ದು ನಿಂತರು. ಮಂಡಿಯ ನೋವು ಅವರಿಗೆ ಮರೆತೇ ಹೋಗಿತ್ತು.

"ಬರೀರಿ ಶೀನಪ್ಪಣ್ಣ. ಇವತ್ತಿನ ತಾರೀಕು, ಗಂಟೆ ಹಾಕಿ. ಕಂಪ್ಯೂಟರಿನ ಒಳಗೆ ಯಾವ ದೋಷವೂ ಇಲ್ಲ. ವೈರು ವಿಸ್ಮಿತಾ ಕೊಟ್ಟದ್ದಲ್ಲ. ವೈರಿನ ಪಿನ್ನನ್ನು ಕೊಲ್ಲುವ ಉದ್ದೇಶದಿಂದಲೇ ಕಟ್ಟಲಾಗಿದೆ. ಇದು ಅಜಾಗರೂಕತೆ ಅಲ್ಲ, ಕೊಲೆ. ಬರೆದ್ರಾ? ಫೋಟೋ ತೆಗೆದು ನಿಮ್ಮ ಸಾಹೇಬ್ರಿಗೆ ಈಗಲೇ ಕಳಿಸಿ."

ಮೂವತ್ತೊಂದು ವರ್ಷ ಬೇರೆಯವರ ಮಾತನ್ನು ಟೈಪ್ ಮಾಡಿದವರು ಅಂದು ಮೊದಲ ಸಲ ತಮ್ಮ ಮಾತನ್ನು ಬರೆಸಿದ್ದರು. ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು.

"ದುಬೈ ಕಂಪ್ಯೂಟರ್ ಈಗ ಎಲ್ಲಿ ಉಂಟು?"

"ಅಶೋಕಣ್ಣನ ಬಾಡಿಗೆ ಮನೆಯಲ್ಲಿ ಇತ್ತು," ಎಂದಳು ವಿಸ್ಮಿತಾ.

"ಈಗ ಅಲ್ಲಿಲ್ಲ," ಎಂದರು ಬಾವಾ. "ಅವನನ್ನು ಸುಟ್ಟು ಬಂದ ಮರುದಿನವೇ ಭಾವ ಬಂದು ತಂಗಿಯನ್ನೂ ಅದನ್ನೂ ಲಾಯಿಲಕ್ಕೆ ಕರ್ಕೊಂಡು ಹೋದ."

•

ವಿಸ್ಮಿತಾಳನ್ನು ಠಾಣೆಯ ಬೆಂಚಿನ ಮೇಲೆ ಕೂರಿಸಿ ಹೊರಟಾಗ ಎರಡೂ ಕಾಲು. ಅವಳು ಗೋಡೆಯ ಗಡಿಯಾರವನ್ನು ಒಮ್ಮೆ ನೋಡಿದಳು, ಅಷ್ಟೆ.

ಜೈನಬಮ್ಮನ ಹಳೇ ಆಲ್ಟೋ ವೇಣೂರಿನ ದಾರಿ ಹಿಡಿಯಿತು. ಶೀನಪ್ಪ ಒಂದು ಕೈಯಲ್ಲಿ ಬಾಗಿಲಿನ ಹಿಡಿ, ಇನ್ನೊಂದು ಕೈಯಲ್ಲಿ ಫೈಲು ಹಿಡಿದು ಕುಳಿತಿದ್ದರು. ನಾಡಿದ್ದು ಅಶೋಕನ ಬೊಜ್ಜ, ಉತ್ತರಕ್ರಿಯೆ. ಅದಕ್ಕೆ ಮೊದಲು ಹರಿಣಾಕ್ಷಿಯ ಒಂದು ಸಹಿ ಹೇಗೂ ಬೇಕಿತ್ತು. ಹೋಗಲು ಆ ನೆಪ ಸಾಕಾಗಿತ್ತು.

"ನಿಧಾನ ಮೇಡಂ, ತಿರುಗಾಸು ಉಂಟು."

"ಗಡಿಯಾರಕ್ಕೆ ಹೇಳಿ ನಿಧಾನ ಅಂತ."

"ನನ್ನ ಮಗ ಮನ್ವಿತ್ ಮಿಜಾರಿನಲ್ಲಿ ಕಲಿಯುದು. ಅವನಿಗೂ ಈ ಹುಚ್ಚು. ಈ ತಿಂಗಳು ಬೋರ್ಡ್ ಅಂತೆ, ಬರುವ ತಿಂಗಳು ಇನ್ನೆಂತದೋ ಅಂತೆ. ಮಗಳ ಮದುವೆಗೆ ಚಿನ್ನ ಮಾಡಿಸಿದ ಹಾಗೆ ಒಂದೊಂದೇ ತಂದು ಕಪಾಟಿನಲ್ಲಿ ಇಡ್ತಾನೆ. ನಾನು ಹೇಳಿದೆ, ಸಾಲ ಮಾಡಿಯಾದ್ರೂ ಕಂಪೆನಿದೇ ತೆಗೆದುಕೊಡ್ತೇನೆ ಮಾರಾಯ ಅಂತ. ಅವನು ಕೇಳುದಿಲ್ಲ. 'ಅದರೊಳಗೆ ಎಂತ ಉಂಟು ಅಂತ ನಂಗೆ ಗೊತ್ತಿರಬೇಕು ಪಪ್ಪ' ಅಂತಾನೆ."

"ಸರಿಯಾಗಿಯೇ ಹೇಳ್ತಾನೆ."

"ಅಶೋಕನೂ ಅದೇ ಹೇಳ್ತಿದ್ದನಂತೆ," ಎಂದರು ಶೀನಪ್ಪ.

ಬೆಳ್ತಂಗಡಿ ದಾಟುವವರೆಗೆ ಜೈನಬಮ್ಮ ಆಕ್ಸಿಲರೇಟರಿನಿಂದ ಕಾಲು ತೆಗೆಯಲಿಲ್ಲ.

•

ಲಾಯಿಲದಲ್ಲಿ ರೋಹಿತಾಕ್ಷನದು ಹೊಸ ಎರಡಂತಸ್ತಿನ ಮನೆ. ಅಂಗಳದಲ್ಲಿ ಬೊಜ್ಜದ ಚಪ್ಪರಕ್ಕೆ ಕಬ್ಬಿಣದ ಕಂಬಗಳನ್ನು ಇಳಿಸಿದ್ದರು. ಗಡ್ಡ ಬೆಳೆದ, ಬಿಳಿ ಪಂಚೆ ಉಟ್ಟ ನಲವತ್ತೈದರ ರೋಹಿತಾಕ್ಷ ಜಗಲಿಗೆ ಬಂದು ಕೈಮುಗಿದ.

"ಸಹಿ ಅಲ್ವಾ? ಬನ್ನಿ, ಕೂತ್ಕೊಳ್ಳಿ. ಇವರು?"

"ನಮ್ಮ ಪರಿಚಯದವರು. ಬೆಳ್ತಂಗಡಿಗೆ ಬರುವವರಿದ್ರು, ಕಾರಿನಲ್ಲಿ ಕರ್ಕೊಂಡು ಬಂದ್ರು," ಶೀನಪ್ಪ ಸುಳ್ಳನ್ನು ಒಂದೇ ಉಸಿರಲ್ಲಿ ಹೇಳಿ ಮುಗಿಸಿದರು.

ಒಳಬಾಗಿಲ ಪಕ್ಕದಲ್ಲಿ ಗೋಡೆಗೊರಗಿ ಹರಿಣಾಕ್ಷಿ ಕುಳಿತಿದ್ದಳು. ಅಶೋಕನ ಹೆಂಡತಿ. ಮೂವತ್ತು ದಾಟದ ಮುಖದಲ್ಲಿ ಕಣ್ಣು ಮಾತ್ರ ಮುದುಕಿಯದಾಗಿತ್ತು. ಶೀನಪ್ಪ ತೋರಿಸಿದಲ್ಲಿ ಸಹಿ ಹಾಕಿದಳು. ಜೈನಬಮ್ಮ ಹೋಗಿ ಅವಳ ಕೈ ಹಿಡಿದು ಪಕ್ಕದಲ್ಲಿ ಕುಳಿತರು. ಆ ಕೈ ತಣ್ಣಗಿತ್ತು.

ಚಾ ಬಂತು. ಜೈನಬಮ್ಮ ಲೋಟ ಕೆಳಗಿಟ್ಟರು.

"ಈ ಹೊತ್ತಿನಲ್ಲಿ ಕೇಳಬಾರದು ಮಗಾ, ಕೇಳದಿದ್ರೂ ಆಗುದಿಲ್ಲ. ನನ್ನ ಮೊಮ್ಮಗಳು ಫಾಯಿಝಾ ಕಾಲೇಜಿಗೆ ಸೇರಿದ್ದಾಳೆ, ಅವಳಿಗೊಂದು ಕಂಪ್ಯೂಟರ್ ಬೇಕು. ಕಟ್ಟಿಸುವ ಅಂತ ಇದ್ದೆವು. ಈಗ ಯಾರಿಗೆ ಧೈರ್ಯ ಉಂಟು? ನಿಮ್ಮ ಹತ್ರ ದುಬೈದು ಒಂದು ಸುಮ್ಮನೆ ಬಿದ್ದಿದೆಯಂತೆ."

ರೋಹಿತಾಕ್ಷನ ಮುಖದ ಗಂಟು ಸಡಿಲಾಯಿತು. ಯಾರೋ ಕಡೆಗೂ ಒಪ್ಪಿದರೆಂಬ ಸಮಾಧಾನ ಅದು.

"ಎಷ್ಟು ಸಲ ಹೇಳಿದೆ ನಾನು ಅವನಿಗೆ! ಕಂಪೆನಿದು ಅಂದ್ರೆ ಕಂಪೆನಿದು. ಪೆಟ್ಟಿಗೆಯಿಂದ ತೆಗಿ, ಪಿನ್ ಹಾಕು, ಸ್ವಿಚ್ ಒತ್ತು. ಮುಗೀತು. ಏನಾದ್ರೂ ಆದ್ರೆ ಕೇಳ್ಲಿಕ್ಕೆ ಒಂದು ಹೆಸರುಂಟು, ಬಿಲ್ಲುಂಟು. ಆ ಹುಡುಗಿ ಕಟ್ಟಿದ್ದಕ್ಕೆ ಯಾರನ್ನು ಕೇಳುದು?"

"ಅವಳನ್ನೇ ಕೇಳ್ತಾ ಇದ್ದಾರಲ್ಲ, ಠಾಣೆಯಲ್ಲಿ ಕೂರಿಸಿ. ಅಶೋಕ್ ಯಾಕೆ ಬೇಡ ಅಂದದ್ದು ಇದನ್ನು?"

"ಸಾಲುದಿಲ್ಲವಂತೆ. ಮದುವೆ ವೀಡಿಯೋ ಹಾಕಿದ್ರೆ ಉಸಿರು ಕಟ್ಟಿ ನಿಲ್ತದಂತೆ. ಒಳಗೆ ಹೊಸ ಭಾಗ ಕೂರಿಸ್ಲಿಕ್ಕೆ ಆಗುದಿಲ್ಲವಂತೆ. ಎರಡು ವರ್ಷದ ಹಿಂದೆ ಬಟ್ಟೆ ಎಲ್ಲ ಅಲ್ಲೇ ಬಿಟ್ಟು, ತೂಕಕ್ಕೆ ಇದನ್ನೇ ಹಾಕಿ ತಂದವ ನಾನು. ಹಾಗೆ ತಂದದ್ದನ್ನು ಮಂಚದ ಅಡಿಗೆ ದೂಡಿದ." ಅವನ ದನಿಯಲ್ಲಿ ಸಿಟ್ಟಿಗಿಂತ ನೋವು ದೊಡ್ಡದಿತ್ತು. "ಸತ್ತವನ ಬಗ್ಗೆ ಮಾತಾಡಬಾರದು. ಬನ್ನಿ, ತೋರಿಸ್ತೇನೆ."

ಒಳಕೋಣೆಯಿಂದ ರಟ್ಟಿನ ದೊಡ್ಡ ಪೆಟ್ಟಿಗೆ ತಂದು ಮೇಜಿನ ಮೇಲಿಟ್ಟ. ಬೆಳ್ಳಿ ಬಣ್ಣದ ಕಂಪ್ಯೂಟರ್. ಹಿಂದಿನ ಸ್ಕ್ರೂವಿನ ಮೇಲೆ ಕಂಪೆನಿಯ ಸೀಲ್ ಕಾಗದ ಹಾಗೆಯೇ ಇತ್ತು.

"ನೋಡಿ, ಇವತ್ತಿನವರೆಗೆ ಒಬ್ಬನೂ ಇದನ್ನು ಬಿಚ್ಚಿಲ್ಲ."

"ಒಮ್ಮೆ ಆನ್ ಮಾಡಿ ತೋರಿಸ್ತೀರಾ?"

ಅವನು ಪೆಟ್ಟಿಗೆಗೆ ಕೈ ಹಾಕಿದ. ಸುರುಳಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದ್ದ ವೈರು ಕೈಗೆ ಬಂತು. ಒಂದು ತುದಿಯನ್ನು ಕಂಪ್ಯೂಟರಿಗೆ ಕೊಟ್ಟ. ಇನ್ನೊಂದನ್ನು ಗೋಡೆಯ ಸಾಕೆಟ್ಟಿಗೆ ಒತ್ತಿದ. ಸಲೀಸಾಗಿ ಕೂತಿತು.

"ಅಡಾಪ್ಟರ್ ಬೇಡವಾ?" ಎಂದು ಕೇಳಿದರು ಜೈನಬಮ್ಮ, ಬಹಳ ಮೆಲ್ಲಗೆ.

"ಎಂತ?"

"ದುಬೈದು ಅಲ್ವಾ ಮಗಾ? ಚೌಕ ಪಿನ್ನು ಇರಬೇಕಲ್ಲ."

ಸ್ವಿಚ್ಚಿನ ಮೇಲಿದ್ದ ರೋಹಿತಾಕ್ಷನ ಬೆರಳು ಅಲ್ಲೇ ನಿಂತಿತು. ಅವನು ಬಗ್ಗಿ ಪಿನ್ನು ನೋಡಿದ. ಜೈನಬಮ್ಮ ಪಿನ್ನಿನ ಗೋಜಿಗೆ ಹೋಗದೆ ಅವನ ಮುಖವನ್ನೇ ನೋಡುತ್ತಿದ್ದರು. ಅಲ್ಲಿ ಬಂದದ್ದು ಆಶ್ಚರ್ಯವೋ, ಆಶ್ಚರ್ಯದ ನಟನೆಯೋ ಅವರಿಗೂ ಗೊತ್ತಾಗಲಿಲ್ಲ.

"ಶೀನಪ್ಪಣ್ಣ, ಕರವಸ್ತ್ರ."

ಶೀನಪ್ಪ ಪಿನ್ನನ್ನು ಕಿತ್ತು ಬೆಳಕಿಗೆ ಹಿಡಿದರು. ಮೂರು ಉರುಟು ಕಾಲು. ತಲೆಯ ಮೇಲೆ ಕೆಂಪು ಬೊಟ್ಟು. ಅದರ ಪಕ್ಕ ಕಪ್ಪು ಮಾರ್ಕರಿನಲ್ಲಿ 31.

"ಇದು ವಿಸ್ಮಿತಾ ಅಶೋಕನಿಗೆ ಕೊಟ್ಟ ವೈರು," ಎಂದರು ಜೈನಬಮ್ಮ. "ನಿಮ್ಮ ಪೆಟ್ಟಿಗೆಯೊಳಗೆ ಉಂಟು. ನಿಮ್ಮ ದುಬೈ ವೈರು ಅಶೋಕನ ಸ್ಟುಡಿಯೋದಲ್ಲಿ ಉಂಟು, ತಲೆ ಬದಲಾಯಿಸಿ, ಒಳಗೆ ಸಾವಿನ ತಂತಿ ಕಟ್ಟಿಕೊಂಡು. ಅದು ಅಲ್ಲಿಗೂ ಇದು ಇಲ್ಲಿಗೂ ನಡ್ಕೊಂಡು ಹೋಗಿರ್ಲಿಕ್ಕಿಲ್ಲ ಅಲ್ವಾ?"

"ನೀವು ಕಂಪ್ಯೂಟರ್ ತಗೊಳ್ಲಿಕ್ಕೆ ಬಂದವರಾ, ನನ್ನನ್ನು ಹಿಡೀಲಿಕ್ಕೆ ಬಂದವರಾ?"

"ಠಾಣೆಯ ಬೆಂಚಿನಲ್ಲಿ ಒಬ್ಬಳು ಹುಡುಗಿ ಕೂತಿದ್ದಾಳೆ. ಅವಳನ್ನು ಎಬ್ಬಿಸ್ಲಿಕ್ಕೆ ಬಂದವಳು."

"ಅದಕ್ಕೆ ನನ್ನನ್ನು ಕೂರಿಸುದಾ?"

"ಅದೇ ನಿನ್ನನ್ನು ತಿಂತದೆ ಅಂತ ಹೇಳಿದ್ದು ಯಾರು? ನಾಲ್ಕು ದಿನ ಮೊದಲು, ಆ ಮೆಟ್ಟಿಲಲ್ಲಿ?"

ರೋಹಿತಾಕ್ಷನ ಕುತ್ತಿಗೆಯ ನರ ಉಬ್ಬಿತು. "ಹೇಳಿದೆ! ಸಿಟ್ಟಿನಲ್ಲಿ ಹೇಳಿದೆ. ಭಾವನೊಟ್ಟಿಗೆ ಜಗಳ ಮಾಡದ ಗಂಡಸು ಈ ಊರಲ್ಲಿ ಒಬ್ಬ ಇದ್ರೆ ತೋರಿಸಿ! ಆ ಪೆಟ್ಟಿಗೆಯನ್ನು ನಾನು ಮುಚ್ಚಿದ ಹಾಗೆಯೇ ತಂದದ್ದು. ಒಳಗೆ ಯಾವ ವೈರು ಉಂಟು ಅಂತ ಯಾರು ನೋಡ್ತಾರೆ?"

"ಪೊಲೀಸರು ನೋಡ್ತಾರೆ."

"ಹಾಗಾದ್ರೆ ಇದನ್ನೂ ನೋಡಲಿ." ಅವನು ಎರಡು ಹೆಜ್ಜೆ ಮುಂದೆ ಬಂದ. "ನಾನು ಹತ್ತೊಂಬತ್ತು ವರ್ಷ ದುಬೈಯಲ್ಲಿ ಕೌಂಟರಿನ ಹಿಂದೆ ನಿಂತವ. ಟ್ಯೂಬ್‌ಲೈಟ್ ಹೋದ್ರೆ ಎಲೆಕ್ಟ್ರಿಷಿಯನ್ನಿಗೆ ಫೋನ್ ಮಾಡ್ತೇನೆ. ಕೇಳಿ ಬೇಕಾದ್ರೆ ನೆರೆಕರೆಯಲ್ಲಿ. ಯಾಕೆ ರೆಡಿ ಇದ್ದದ್ದೇ ತರ್ತೇನೆ? ನಂಗೆ ಬಿಚ್ಚಲಿಕ್ಕೂ ಬರುದಿಲ್ಲ, ಕಟ್ಟಲಿಕ್ಕೂ ಬರುದಿಲ್ಲ. ಪಿನ್ನಿನ ತಲೆ ಕತ್ತರಿಸಿ ಒಳಗೆ ತಂತಿ ಕೂರಿಸುವವರು ಯಾರು ಅಂತ ನೀವೇ ಹೇಳಿ. ಕಟ್ಟುದೇ ಯಾರ ಕಸುಬು?"

ಜೈನಬಮ್ಮ ಶೀನಪ್ಪನ ಕೈಯಲ್ಲಿದ್ದ ಕೆಂಪು ಬೊಟ್ಟಿನತ್ತ ತಿರುಗಿದರು.

ಅದೇ ಹೊತ್ತಿಗೆ ಶೀನಪ್ಪನ ಫೋನು ಹೊಡೆದುಕೊಂಡಿತು. "ಸಾರ್… ಹೌದು ಸಾರ್, ಲಾಯಿಲದಲ್ಲಿ… ಸಿಕ್ಕಿತು ಸಾರ್, ಅವಳದೇ ವೈರು…" ಎನ್ನುತ್ತಾ ಜಗಲಿಯ ತುದಿಗೆ ಹೋದರು. ಆಮೇಲೆ ಅವರು ಬರೀ "ಹೂಂ" ಎನ್ನತೊಡಗಿದರು. ವಾಪಸು ಬಂದಾಗ ಜೈನಬಮ್ಮನ ಕಣ್ಣನ್ನು ತಪ್ಪಿಸಿ ಕಾಲಿನ ಬೆರಳು ನೋಡುತ್ತಿದ್ದರು. ಫೋನಿನ ಮೇಲೆ ಕೈ ಮುಚ್ಚಿದ್ದರು.

"ಎಂತ ಹೇಳಿದ್ರು?"

"ಸಾಹೇಬ್ರು ಠಾಣೆಗೆ ಬೇಗ ಬಂದಿದ್ದಾರೆ ಮೇಡಂ. ನೀವು ಬರೆಸಿದ್ದನ್ನು ಓದಿದ್ರಂತೆ. ಒಳ್ಳೇ ಕೆಲಸ ಅಂತ ಹೇಳಿದ್ರು."

"ಮತ್ತೆ?"

"ಸೆಕ್ಷನ್ ಬದಲಾಯ್ತು. ಅಜಾಗರೂಕತೆ ತೆಗೆದು ಕೊಲೆ ಅಂತ ಹಾಕ್ತಾರೆ." ಶೀನಪ್ಪ ಉಗುಳು ನುಂಗಿದರು. ಆ ಸದ್ದು ಜೈನಬಮ್ಮನಿಗೆ ಕೇಳಿಸಿತು. "ಆರೋಪಿ ಅವಳೇ. ಆ ತಂತಿ ಕೂರಿಸುವ ವಿದ್ಯೆ ಗೊತ್ತಿದ್ದವರು ಬೇರೆ ಯಾರಿದ್ದಾರೆ ಅಂತ ಕೇಳ್ತಾರೆ. ಮೊದಲಿನದ್ದಾದ್ರೆ ಇವತ್ತೇ ಜಾಮೀನು ಸಿಗ್ತಿತ್ತು. ಇದಕ್ಕೆ ಸಿಗುದಿಲ್ಲ."

ಗಂಟೆ ಮೂರೂ ಮುಕ್ಕಾಲು. ಸೇಸಮ್ಮ ಈಗ ಠಾಣೆಯ ಹೊರಗೆ ನಿಂತಿರುತ್ತಾಳೆ, ಜೈನಬಕ್ಕ ಹೋಗಿದ್ದಾರೆ, ಬಿಡಿಸಿಕೊಂಡೇ ಬರುತ್ತಾರೆ ಎಂದು ಸಿಕ್ಕಿದವರಿಗೆಲ್ಲ ಹೇಳುತ್ತಾ. 'ಕೊಲೆ' ಎಂದು ಬರೆಸಿದವರು ಜೈನಬಮ್ಮನೇ. ಒಂದೊಂದು ಶಬ್ದವನ್ನೂ ತಾವೇ ಹೇಳಿ ಬರೆಸಿದ್ದರು. ತಾರೀಕು, ಗಂಟೆ ಸಮೇತ.

"ಶೀನಪ್ಪಣ್ಣ, ಅವರಿಗೆ ಹೇಳಿ, ಸ್ವಲ್ಪ ತಡೀಲಿಕ್ಕೆ…"

"ಎಂತ ಅಂತ ಹೇಳಲಿ ಮೇಡಂ? ಬೇರೆ ಹೆಸರು ಉಂಟಾ ನಿಮ್ಮ ಹತ್ರ?"

ಉತ್ತರ ಬಂದದ್ದು ಒಳಬಾಗಿಲಿನಿಂದ.

"ವೈರು ಬದಲು ಮಾಡಿದ್ದು ನಾನು."

ಹರಿಣಾಕ್ಷಿ ಎದ್ದು ನಿಂತಿದ್ದಳು.

"ಹರಿಣೀ, ಬಾಯಿ ಮುಚ್ಚಿ ಒಳಗೆ ಹೋಗು!" ರೋಹಿತಾಕ್ಷ ಕೂಗಿದ.

"ಇಲ್ಲ ಅಣ್ಣ. ಒಂಬತ್ತು ದಿನ ಆಯ್ತು. ಶಾಕ್ ಹೊಡೆದದ್ದು ಕಂಪ್ಯೂಟರಿನದ್ದು ಅಂತ ಎಲ್ಲ ಹೇಳಿದ್ರು, ನಾನೂ ನಂಬಿದೆ. ವೈರಿನಲ್ಲಿ ಅಂತ ಈಗ ಇವರು ಹೇಳುವಾಗಲೇ ಗೊತ್ತಾದದ್ದು." ಅವಳು ಶೀನಪ್ಪನ ಕೈಯಲ್ಲಿದ್ದ ಉರುಟು ಪಿನ್ನಿನತ್ತ ನೋಡಿದಳು. "ಅದನ್ನು ತೆಗೆದು ಮನೆಗೆ ತಂದವಳು ನಾನು. ಒಳ್ಳೇ ವೈರು, ಯಾಕೆ ಬಿಸಾಡುದು ಅಂತ ಈ ಪೆಟ್ಟಿಗೆಯಲ್ಲಿ ಹಾಕಿಟ್ಟೆ. ಅದರ ಬದಲಿಗೆ ಚೌಕ ಪಿನ್ನಿಂದು ಸಿಕ್ಕಿಸಿದೆ."

"ಅದನ್ನು ಕಟ್ಟಿ ಕೊಟ್ಟದ್ದು ಯಾರು ಮಗಾ?" ಜೈನಬಮ್ಮನ ದನಿ ಪಿಸುಮಾತಿನಷ್ಟಾಗಿತ್ತು.

"ಅವರೇ."

"ಅವರು ಅಂದ್ರೆ?"

"ನನ್ನ ಗಂಡ. ಮಂಗಳವಾರ ಸಂಜೆ ಅಡುಗೆಮನೆಯ ಮೇಜಿನಲ್ಲಿ ಕೂತು ಕಟ್ಟಿದ್ರು. ವಿಸ್ಮಿತಾ ಕಟ್ಟುವಾಗ ಪಕ್ಕದಲ್ಲಿ ಕೂತು ಎಲ್ಲ ಕಲಿತಿದ್ರಲ್ಲ. ಹಳೇ ವೈರು ಲೂಸ್ ಉಂಟು, ನಾಳೆ ಇದನ್ನು ಹಾಕು ಅಂತ ನನ್ನ ಕೈಗೆ ಕೊಟ್ರು."

ಶೀನಪ್ಪನ ಬೆರಳ ಸಂದಿಯಿಂದ ಫೋನು "ಹಲೋ? ಹಲೋ?" ಎನ್ನುತ್ತಿತ್ತು. ಅವರು ಅದನ್ನು ಕಿವಿಗೆ ತರಲಿಲ್ಲ.

"ತಾನೇ ಕಟ್ಟಿದ್ದನ್ನು ತಾನೇ ಹೋಗಿ ಮುಟ್ಟಿದನಾ?"

"ನಾನು ಹಾಕಿದ್ದು ಅವರಿಗೆ ಗೊತ್ತಿರಲಿಲ್ಲ." ಹರಿಣಾಕ್ಷಿಯ ಕಣ್ಣಲ್ಲಿ ನೀರಿರಲಿಲ್ಲ. ಬಾಯಿಪಾಠ ಒಪ್ಪಿಸುವ ಹುಡುಗಿಯಂತೆ ಒಂದೇ ಸಮನೆ ಹೇಳಿದಳು. "ಈಗಲೇ ಹಾಕಬೇಡ ಅಂದಿದ್ರು. ಹತ್ತು ಗಂಟೆಗೆ ವಿಸ್ಮಿತಾ ಬರ್ತಾಳೆ, ನಾನು ಚಾ ಕುಡೀಲಿಕ್ಕೆ ಕೆಳಗೆ ಹೋದ ಮೇಲೆ ಹಾಕಿ ಸ್ವಿಚ್ ಒತ್ತು ಅಂದಿದ್ರು. ಆಮೇಲೆ ನೀನು ಕಂಪ್ಯೂಟರ್ ಹತ್ರ ಹೋಗ್ಬೇಡ, ಅವಳೇ ಮುಟ್ಟಿ ನೋಡ್ಲಿ ಅಂತ ಎರಡೆರಡು ಸಲ ಹೇಳಿದ್ರು. ನಾನು… ಮರೆತುಹೋದ್ರೆ ಅಂತ ಹೇಳಿ, ಒಂಬತ್ತು ಗಂಟೆಗೆ, ಅವರು ಬರುವ ಮೊದಲು ಗುಡಿಸುವಾಗಲೇ ಹಾಕಿಬಿಟ್ಟೆ."